ಅನುಮಾನದಕ್ಕನ ಖಾತೆ ತಟ್ಟಿದವರು ಯಾರು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹುಟ್ಟಿಸಿದವರು ನಮ್ಮ ಅನುಮಾನದಕ್ಕನ ವಂಶದವರೇ ಇರಬೇಕು. ಆಫೀಸಿನಲ್ಲಿ ಲ್ಯಾಪ್‌ಟಾಪ್ ರಿಪೇರಿಯ ಕೌಂಟರ್ ಆಕೆಯದು. ಪಕ್ಕದ ಕುರ್ಚಿ ನನ್ನದು. ಪಾಸ್‌ವರ್ಡ್ ಮರೆತೆ ಎಂದು ಯಾರೇ ಬರಲಿ, ಆಕೆಯ ಮೊದಲ ಮಾತು, “ನೀವು ನೀವೇ ಅಂತ ನಾನು ಹೇಗೆ ನಂಬ್ಲಿ?” ದಿನವೂ ಒಟ್ಟಿಗೆ ಊಟ ಮಾಡುವ ನನ್ನನ್ನೂ ಬಿಟ್ಟಿಲ್ಲ. ಒಮ್ಮೆ ನಿರ್ದೇಶಕರೇ ಬಂದು ನಿಂತಾಗ ಗುರುತಿನ ಚೀಟಿ ಇಸಿದುಕೊಂಡು, “ಫೋಟೊದಲ್ಲಿ ಕೂದಲು ಜಾಸ್ತಿ ಇದೆಯಲ್ಲ ಸಾರ್” ಎಂದಿದ್ದಳು.

ಆದರೂ ಆಕೆಯನ್ನು ಬೈಯುವ ಹಾಗಿಲ್ಲ. ನಮ್ಮ ಲ್ಯಾಪ್‌ಟಾಪ್‌ಗಳಿಗೆ ಎರಡು ಬೀಗ. ಆನ್ ಮಾಡಿದೊಡನೆ ಡಿಸ್ಕಿನ ಬೀಗ. ಅದು ತೆರೆಯದಿದ್ದರೆ ಒಳಗಿರುವುದೆಲ್ಲ ಕಲಸುಮೇಲೋಗರ, ಬ್ರಹ್ಮನಿಗೂ ಓದಲಾಗದು. ಅದಾದ ಮೇಲೆ ನೆಟ್‌ವರ್ಕ್ ಖಾತೆಯ ಬೀಗ. ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಹಾಕಿದರೆ ಖಾತೆ ತಾನೇ ಮುಚ್ಚಿಕೊಳ್ಳುತ್ತದೆ, ಆಗ ಜನ ನಮ್ಮ ಬಳಿ ಓಡಿ ಬರುತ್ತಾರೆ. ಬಂದವರನ್ನೆಲ್ಲ ನಂಬಿದ ಹಿಂದಿನವನು ಈಗ ಕೆಲಸದಲ್ಲಿಲ್ಲ.

ಅಂಥ ಅಕ್ಕನ ಖಾತೆಯೇ ಒಂದು ಸೋಮವಾರ ಮುಚ್ಚಿಕೊಂಡಿತು. ತೆರೆದಳು, ಮಧ್ಯಾಹ್ನ ಮತ್ತೆ ಮುಚ್ಚಿತು. ಮಂಗಳವಾರವೂ ಅದೇ ಹಾಡು. ಆಕೆಯ ಖಾತೆ ಸಿಕ್ಕರೆ ಇಡೀ ಆಫೀಸಿನ ಖಾತೆಗಳು ಸಿಕ್ಕಂತೆ. ಯಾರೋ ಬೇಕೆಂದೇ ತಟ್ಟುತ್ತಿದ್ದಾರೆ! ಸರ್ವರಿನಲ್ಲಿ ಹುಡುಕಿದರೆ, ಆಕೆಯ ಹೆಸರಿನ ತಪ್ಪು ಪಾಸ್‌ವರ್ಡ್‌ಗಳೆಲ್ಲ ಬರುತ್ತಿದ್ದುದು ಗೋಡೌನಿನ ಉಸ್ತುವಾರಿ ನೋಡುವ ಗೋಡೌನಣ್ಣನ ಲ್ಯಾಪ್‌ಟಾಪಿನಿಂದ.

ಗೋಡೌನಣ್ಣ ಹಾಲಿನಂಥ ಮನುಷ್ಯ ಎಂದೇ ನಾನು ತಿಳಿದಿದ್ದೆ. ಕರೆಸಿ ಕೇಳಿದಾಗ ಕತ್ತಿನ ಬೆವರು ಒರೆಸಿಕೊಂಡ.

“ನನ್ನ ಪಾಸ್‌ವರ್ಡೇ ನಂಗೆ ನೆನಪಿರಲ್ಲ ಅಕ್ಕ. ನಿಮ್ಮದು ತಗೊಂಡು ಏನ್ ಮಾಡ್ಲಿ?”

“ಹೋದ ವಾರ ಲ್ಯಾಪ್‌ಟಾಪ್ ತೆಗೀತಿಲ್ಲ ಅಂತ ಬಂದು ಇಲ್ಲೇ ನಿಂತಿದ್ರಲ್ಲ. ಆಗ ನನ್ನ ಬೆರಳು ನೋಡ್ಕೊಂಡ್ರಾ?”

“ದೇವ್ರಾಣೆ ಇಲ್ಲ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಬೆವರು ನೋಡು” ಎಂದು ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು. ನನಗೂ ಹಾಗೇ ಅನ್ನಿಸಿತು. ಅನುಮಾನ ಪಕ್ಕದ ಕುರ್ಚಿಗೂ ಅಂಟುವ ರೋಗ.

ದೂರು ಆಫೀಸಿನ ಭದ್ರತಾ ಅಧಿಕಾರಿಗೆ ಹೋಯಿತು. ಶುಕ್ರವಾರ ವಿಚಾರಣೆ, ತಪ್ಪು ರುಜುವಾತಾದರೆ ಗೋಡೌನಣ್ಣನ ಕೆಲಸ ಹೋಯಿತು, ಅಲ್ಲಿಯವರೆಗೆ ಮನೆಯಲ್ಲೇ ಇರಬೇಕು. ಲ್ಯಾಪ್‌ಟಾಪ್ ನಮ್ಮ ಕಪಾಟಿಗೆ ಬಂತು. ಆಫ್ ಮಾಡಿದರೆ ಡಿಸ್ಕಿನ ಬೀಗ ಬಿದ್ದು ಸಾಕ್ಷಿ ಒಳಗೇ ಉಳಿದೀತೆಂದು ಚಾರ್ಜರ್ ಸಿಕ್ಕಿಸಿ, ಆನ್ ಇದ್ದ ಹಾಗೆಯೇ ಇಟ್ಟೆವು. ಕಪಾಟಿನ ಕೀಲಿಕೈಯನ್ನು ಅಕ್ಕ ಗುರುತಿನ ಚೀಟಿಯ ಜೊತೆ ಕೊರಳಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಆಕೆಯ ಖಾತೆ ಮತ್ತೆ ಮುಚ್ಚಿತ್ತು. ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ನಿನ್ನೆ ನಾನು ಹೋದ್ಮೇಲೆ ನೀನು ಎಷ್ಟು ಹೊತ್ತು ಇದ್ದೆ?”

ನನಗೆ ಮೈಯೆಲ್ಲ ಉರಿದುಹೋಯಿತು. “ಕೀಲಿಕೈ ಯಾರ ಕೊರಳಲ್ಲಿದೆ ಅಕ್ಕಾ? ಮುಟ್ಟಿ ನೋಡ್ಕೋ.”

ಮುಟ್ಟಿ ನೋಡಿಕೊಂಡಳು. ಆಮೇಲೆ ಎದ್ದು ಕಪಾಟು ತೆರೆದಳು. ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಎರಡು ಹೆಸರುಗಳಿದ್ದವು. ಮೇಲಿನದು ಗೋಡೌನಣ್ಣನದು. ಕೆಳಗಿನದು ಆಕೆಯದೇ.

ಹೋದ ವಾರ ರಿಪೇರಿ ಮಾಡಲು ತನ್ನ ಹೆಸರಿನಲ್ಲಿ ಲಾಗಿನ್ ಆದವಳು ಲಾಗೌಟ್ ಆಗುವುದನ್ನೇ ಮರೆತಿದ್ದಳು. ಅದಾದ ಮೇಲೆ ಪಾಸ್‌ವರ್ಡ್ ಬದಲಿಸಿದ್ದಳು. ಒಳಗೆ ಉಳಿದುಹೋದ ಆ ಹೆಸರು ಹಳೆಯ ಪಾಸ್‌ವರ್ಡನ್ನೇ ಹಿಡಿದು ಸರ್ವರಿನ ಬಾಗಿಲು ತಟ್ಟುತ್ತಲೇ ಇತ್ತು. ಗೋಡೌನಣ್ಣ ಒಂದು ಸಲ ಲ್ಯಾಪ್‌ಟಾಪ್ ಆಫ್ ಮಾಡಿದ್ದರೆ ಎಲ್ಲ ಮುಗಿಯುತ್ತಿತ್ತು. ಮೊದಲ ಬೀಗದ ಪಾಸ್‌ವರ್ಡ್ ಮರೆತೀತೆಂಬ ಭಯಕ್ಕೆ ಆತ ಆಫ್ ಮಾಡುವವನೇ ಅಲ್ಲ.

ಈಗಲೂ ಅಷ್ಟೇ. ಗುಂಡಿ ಒತ್ತಿ ಆಫ್ ಮಾಡಿದರೆ ಪರದೆಯ ಮೇಲಿನ ಆಕೆಯ ಹೆಸರು ಹೋಗುತ್ತಿತ್ತು, ಅದರ ಜೊತೆ ಗೋಡೌನಣ್ಣನ ಕೆಲಸವೂ. ಆಕೆಯ ಬೆರಳು ಗುಂಡಿಯ ಹತ್ತಿರವೇ ಇತ್ತು. ನಾನು ಬೆರಳನ್ನೇ ನೋಡುತ್ತಿದ್ದೆ.

“ಹಾಗ್ಯಾಕೆ ನೋಡ್ತೀಯಾ? ಅಧಿಕಾರಿಗೆ ಫೋನ್ ಮಾಡು” ಎಂದಳು. “ಅವರು ಬರೋವರೆಗೂ ನನ್ನ ಕೈ ಮೇಲೆ ಕಣ್ಣಿಟ್ಟಿರು. ನಂಗೇ ನನ್ನ ಮೇಲೆ ನಂಬಿಕೆ ಇಲ್ಲ.”

ಅಧಿಕಾರಿ ಬಂದು ಕಣ್ಣಾರೆ ನೋಡಿದರು, ವಿಚಾರಣೆ ರದ್ದಾಯಿತು. ಲ್ಯಾಪ್‌ಟಾಪ್ ಒಯ್ಯಲು ಬಂದ ಗೋಡೌನಣ್ಣನ ಮುಖದಲ್ಲಿ ಮಾತ್ರ ಕಳೆಯೇ ಇರಲಿಲ್ಲ.

“ಕೆಲಸ ಉಳೀತು, ಸರಿ. ಮನೇಲಿ ಹೆಂಡ್ತಿ ನಂಬ್ತಾ ಇಲ್ಲ ಅಕ್ಕ. ಬೆಂಕಿ ಇಲ್ದೆ ಹೊಗೆ ಆಡುತ್ತಾ ಅಂತಾಳೆ. ಇಷ್ಟು ವರ್ಷ ಸಂಸಾರ ಮಾಡಿದವಳು.”

ಸಂಜೆ ಅಕ್ಕ ಅವನ ಹಿಂದೆಯೇ ಹೊರಟಳು, ಜೊತೆಗೆ ನಾನು. ಅವನ ಮನೆಯ ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿನಲ್ಲಿ ಅವನ ಹೆಂಡತಿಯ ಅರ್ಧ ಮುಖ ಕಂಡಿತು.

“ನಾನು ಆಫೀಸಿನವಳು ಕಣಮ್ಮ. ತಪ್ಪು ನನ್ನದು, ನಿಮ್ಮ ಯಜಮಾನರದ್ದಲ್ಲ.”

“ನೀವು ಆಫೀಸಿನವರೇ ಅಂತ ನಾನು ಹೇಗೆ ನಂಬ್ಲಿ? ಇವರೇ ಯಾರನ್ನೋ ಒಪ್ಪಿಸಿ ಕರ್ಕೊಂಡು ಬಂದಿರಬಹುದು.”

ನನಗೆ ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅಕ್ಕ ಕೊರಳಿನಿಂದ ಗುರುತಿನ ಚೀಟಿ ತೆಗೆದು ಸಂದಿಯಲ್ಲಿ ನೀಡಿದಳು. ಆ ಹೆಂಗಸು ಬಲ್ಬಿನ ಕೆಳಗೆ ಹಿಡಿದು ಫೋಟೊ ನೋಡಿದಳು, ಮುಖ ನೋಡಿದಳು.

“ಫೋಟೊದಲ್ಲಿ ನಗ್ತಾ ಇದ್ದೀರಿ” ಎಂದಳು. “ಇದು ನನ್ನ ಹತ್ರಾನೇ ಇರ್ಲಿ. ನಾಳೆ ನಾನೇ ಆಫೀಸಿಗೆ ಬಂದು ವಿಚಾರಿಸ್ತೀನಿ.”

ಗೋಡೌನಣ್ಣ ತಲೆ ತಗ್ಗಿಸಿದ. ಅಕ್ಕ, “ವಿಚಾರಿಸಿ. ನಾನಾಗಿದ್ರೆ ಬಾಗಿಲು ಇಷ್ಟೂ ತೆಗೀತಿರ್ಲಿಲ್ಲ” ಎಂದಳು.

ಮರುದಿನ ಚೀಟಿ ಇಲ್ಲದ ಆಕೆಯನ್ನು ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ಇವರು ನಮ್ಮವರೇ ಎಂದು ಹೇಳಲು ನಾನು ಬಾಯಿ ತೆರೆದರೆ ಅಕ್ಕ ಕಣ್ಣಲ್ಲೇ ತಡೆದಳು. ಗೋಡೌನಣ್ಣನ ಹೆಂಡತಿ ಬರುವವರೆಗೂ ಅಕ್ಕ ಗೇಟಿನ ಹೊರಗೇ ನಿಂತಿದ್ದಳು.