ಹಣೆಗೆ ಅಂಟಿಸಿದ ರಾಜ

ಆಫೀಸಿನಲ್ಲಿ ಮೊಬೈಲ್ ಇದ್ದದ್ದು ಮ್ಯಾನೇಜರರ ಸೊಂಟದಲ್ಲಿ ಮಾತ್ರ, ಆ ಕಾಲದ ಕಥೆ. ನಮ್ಮೊಳಗಿನ ಮೇಲು ಕೀಳೆಂಬ ಭಾವನೆ ತೊಲಗಿಸಲು ಕಾರ್ಕಳದಿಂದ ನಮ್ಮನ್ನೆಲ್ಲ ಮಣಿಪಾಲದ ಎಸಿ ಹಾಲ್‌ಗೆ ಸಾಗಿಸಿದರು. ಮ್ಯಾನೇಜರರು ಕಾರಿನಲ್ಲಿ, ನಾವು ಬಸ್ಸಿನಲ್ಲಿ.

ತರಬೇತುದಾರರು ಎಲ್ಲರ ಹಣೆಗೂ ಒಂದೊಂದು ಇಸ್ಪೀಟ್ ಎಲೆ ಅಂಟಿಸಿದರು. ನಮ್ಮ ಎಲೆ ನಮಗೆ ಕಾಣುವುದಿಲ್ಲ. ರಾಜನ ಎಲೆ ಇದ್ದವನಿಗೆ ಎಲ್ಲರೂ ಕೈಮುಗಿಯಬೇಕು, ಎರಡರ ಎಲೆಯವನನ್ನು ಗದರಬೇಕು. ಅದರಿಂದ ಅವರವರ ಎಲೆ ಅವರವರು ಊಹಿಸಬೇಕು.

ಮ್ಯಾನೇಜರರ ಹಣೆಯಲ್ಲಿ ಎರಡು ಇತ್ತು. ಇಡೀ ಆಫೀಸು ಅದನ್ನು ನೋಡಿತು, ನೋಡಿ ಕೈಮುಗಿಯಿತು. ಕಿರಿಯ ಗುಮಾಸ್ತನಾದ ನನಗೆ ಮಾತ್ರ ಎದುರು ಸಿಕ್ಕವರೆಲ್ಲ, “ಹೋಗು ಮಾರಾಯ, ನೀರು ತೆಕ್ಕೊಂಡು ಬಾ” ಎಂದರು.

“ಊಹಿಸಲಿಕ್ಕೆ ಎಂತ ಉಂಟು? ನಾನು ರಾಜ,” ಎಂದು ಮ್ಯಾನೇಜರರು ಎಲೆ ಕಿತ್ತು ನೋಡಿದರು.

“ಅಂಟಿಸುವಾಗ ತಪ್ಪಾಗಿದೆ ಸಾರ್,” ಎಂದರು ಹೆಡ್‌ಕ್ಲಾರ್ಕ್. ಎಲ್ಲರೂ ಹೌದೆಂದರು. ನಾನೂ ಹೌದೆಂದೆ. ನನ್ನ ಎಲೆ ಕಿತ್ತು ನೋಡಿದರೆ ರಾಜ! ಎರಡೂ ಕೈಯಲ್ಲಿ ಹಿಡಿದು ಮ್ಯಾನೇಜರರಿಗೆ ಒಪ್ಪಿಸಿದೆ.

ತರಬೇತುದಾರರು ನಮ್ಮೆಲ್ಲರ ಮುಖ ನೋಡಿದರು, ಕೊನೆಗೆ ಮ್ಯಾನೇಜರರ ಮುಖ ನೋಡಿದರು. “ಹೌದು ಸಾರ್, ನನ್ನದೇ ತಪ್ಪು,” ಎಂದರು.

ಆ ದಿನ ಏನಾದರೂ ಕಲಿತವರಿದ್ದರೆ ಅವರೊಬ್ಬರೇ. ಉಳಿದವರಿಗೆಲ್ಲ ಮೊದಲೇ ಗೊತ್ತಿತ್ತು.