ಮೆಂತ್ಯದ ಹುತ್ತ

೧೯೮೮ರಲ್ಲಿ ನಾನು ಐನಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ವಯಸ್ಸು ನಲವತ್ತೊಂದು. ವಾರಕ್ಕೆ ಇಪ್ಪತ್ತು ಪಿರಿಯಡ್. ಸಿಲೆಬಸ್ ಮುಗಿದಿಲ್ಲ ಎಂದು ಗಣಿತದವರು ಅದರಲ್ಲಿ ಅರ್ಧ ಕಸಿದುಕೊಳ್ಳುತ್ತಿದ್ದರು. ನಾನು ಸಿಟ್ಟಿನ ಮನುಷ್ಯ. ಗೆರೆ ನೇರ ಇರಬೇಕು, ಹೂಜಿಯ ಎಡಮಗ್ಗುಲು ಬಲಮಗ್ಗುಲಿಗೆ ಸರಿಹೊಂದಬೇಕು, ರಬ್ಬರು ತಿಕ್ಕಿದ ಗುರುತು ಕಾಣಬಾರದು. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಫೂಟಪಟ್ಟಿ’ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ನನ್ನ ಕೈಯಲ್ಲಿ ಕಲಿತು ಕಲಾಶಾಲೆಗೆ ಹೋದ ಮೊದಲ ಹುಡುಗಿ ಸುನಂದಾ. ದ್ರಾಕ್ಷಿ ತೋಟದವರ ಮಗಳು. ಶಹರದಲ್ಲಿ ಶಿಲ್ಪಕಲೆಯ ಡಿಪ್ಲೊಮಾ ಓದಿ ಕೊನೆಯ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಪ್ಲಾಸ್ಟರಿನಲ್ಲಿ ಮಾಡಿದ ಅವಳ ಮೂರ್ತಿಗೆ ಜೀವವಿಲ್ಲ ಎಂದಿದ್ದರಂತೆ. ಉಳಿದದ್ದು ಇನ್ನೊಂದೇ ಅವಕಾಶ. ಈ ಸಲ ಊರಲ್ಲಿ ಸಿಗುವ ವಸ್ತುಗಳಿಂದಲೇ ಮಾಡುತ್ತೇನೆ ಎಂದು ಅರ್ಜಿ ಹಾಕಿ ಒಪ್ಪಿಗೆ ತಂದಿದ್ದಳು. ಪರೀಕ್ಷಕರು ಐನಾಪುರಕ್ಕೇ ಬಂದು ನೋಡುತ್ತಾರೆ. ಸ್ಥಳೀಯ ಮೇಲ್ವಿಚಾರಕ ನಾನು. ‘ಈ ಕೃತಿ ವಿದ್ಯಾರ್ಥಿನಿಯದೇ, ಇನ್ನೊಬ್ಬರ ಕೈ ಇದಕ್ಕೆ ತಾಗಿಲ್ಲ’ ಎಂಬ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಬೇಕಿತ್ತು.

ಅವಳಪ್ಪ ನನ್ನೆದುರೇ ಹೇಳಿಬಿಟ್ಟಿದ್ದ: “ಇದೊಂದ ಸಲ ನೋಡ್ತೀನ್ರಿ ಮಾಸ್ತರ್ರ. ಆಗಲಿಲ್ಲಂದ್ರ ಶಹರ ಬಂದ್.”

ಅವಳು ಕೆಲಸಕ್ಕೆ ಹಿಡಿದ ಜಾಗ ತೋಟದಂಚಿನ ಮಣೂಕದ ಶೆಡ್. ದ್ರಾಕ್ಷಿಯನ್ನು ಜಾಳಿಗೆಯ ಮೇಲೆ ಹರವಿ ಒಣಗಿಸಿ ಮಣೂಕ ಮಾಡುವ ಜಾಗ. ಮೇಲೆ ಸೂರು, ಸುತ್ತಲೂ ಗಾಳಿಗೆ ಬಿಟ್ಟ ಬಯಲು. ಮಳೆಗಾಲದಲ್ಲಿ ಅದು ಖಾಲಿ. ನಾನು ಸಂಜೆ ಶಾಲೆ ಬಿಟ್ಟ ಮೇಲೆ ಸೈಕಲ್ ಏರಿ ಹೋಗುತ್ತಿದ್ದೆ. ಆಷಾಢದ ಗಾಳಿ ಹಸಿರು ಜಾಳಿಗೆಗಳನ್ನು ಉಬ್ಬಿಸಿ ಇಳಿಸುತ್ತಿತ್ತು. ಬೆಳಕು ಅದರಲ್ಲಿ ಸೋಸಿ ಬಂದು ನೆಲದ ಮೇಲೆ ನೀರಿನಂತೆ ಹರಿದಾಡುತ್ತಿತ್ತು. ಅಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಬೈಯಲೆಂದೇ ಹೋಗಿ, ಬೈಯುವುದನ್ನು ಮರೆತು ಮನೆಗೆ ಬಂದಿದ್ದೇನೆ.

ನಮ್ಮ ಕಡೆ ಹೆಣ್ಣುಮಕ್ಕಳು ಹಳೆಯ ಕಾಗದ ನೆನೆಸಿ, ಮೆಂತ್ಯ ಅರೆದು ಕೂಡಿಸಿ ಕುಟ್ಟಿ, ಬುಟ್ಟಿಗೆ ಮೆತ್ತುತ್ತಾರೆ. ಒಣಗಿದರೆ ಕಲ್ಲಿನಂಥ ಗಟ್ಟಿ. ಮೆಂತ್ಯದ ಕಹಿಗೆ ಹುಳ ಮುಟ್ಟುವುದಿಲ್ಲ. ಸುನಂದಾ ಅದನ್ನೇ ಹಿಡಿದಳು. ಬಿದಿರಿನ ಸೀಳುಗಳಿಂದ ಆರ್ಮೇಚರ್, ಅಂದರೆ ಒಳಗಿನ ಹಂದರ. ಅದರ ಮೇಲೆ ಕಾಗದ, ಗಾಣದಿಂದ ತಂದ ಕಬ್ಬಿನ ಸಿಪ್ಪೆ, ಕೆಮ್ಮಣ್ಣು, ಮೆಂತ್ಯ. ಸಾಲದ್ದಕ್ಕೆ ಬೆಲ್ಲದ ನೀರು.

“ಬೆಲ್ಲ ಹಾಕಿದ್ರ ಇರಿವಿ ಹತ್ತಾವಲ್ಲ, ತಲಿ ಐತೇನ್ ನಿನಗ?” ಎಂದೆ.

“ಹತ್ತಲಿ ಬಿಡ್ರಿ ಸರ್,” ಎಂದು ನಕ್ಕಳು.

ಅದು ನನ್ನ ಎದೆಮಟ್ಟ ಬೆಳೆಯಿತು. ಒಂದು ಕಡೆ ಹೊಟ್ಟೆಯಂತೆ ಉಬ್ಬು, ಇನ್ನೊಂದು ಕಡೆ ಒಳಕ್ಕೆ ಜಗ್ಗಿದ ಸುಕ್ಕು. ಯಾವ ಮಗ್ಗುಲೂ ಇನ್ನೊಂದಕ್ಕೆ ಸರಿಹೊಂದುತ್ತಿರಲಿಲ್ಲ. ಇದೇನಿದು ಎಂದು ಕೇಳಿದೆ. “ಬೀಜ ಮಣ್ಣಾಗ ಉಬ್ಬತೈತಲ್ರಿ, ಒಡಿಯೂದಕ್ಕ ಮೊದಲ? ಅದು,” ಎಂದಳು. ನನ್ನ ಫೂಟಪಟ್ಟಿ ಬುದ್ಧಿಗೆ ಅದು ಹಿಡಿಸಲಿಲ್ಲ. ಆದರೂ ಸಂಜೆಯ ಬೆಳಕಿನಲ್ಲಿ ಅದು ಉಸಿರು ಹಿಡಿದುಕೊಂಡು ಕುಳಿತಿದೆ ಎನ್ನಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಹೇಳಿದಂತೆ ಇರುವೆಗಳೂ ಬಂದವು, ಮೈತುಂಬ ತೂತು ಕೊರೆದವು. ಅವಳು ಅವನ್ನು ಓಡಿಸಲಿಲ್ಲ.

ಪರೀಕ್ಷೆ ನಾಗರ ಪಂಚಮಿ ಕಳೆದ ಮೂರನೇ ದಿನ. ಹಬ್ಬದ ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದವನು ಸೈಕಲ್ ಅಲ್ಲೇ ಕೆಡವಿ ಒಳಗೆ ಓಡಿದೆ. ಕೃತಿಯ ನೆತ್ತಿಯಿಂದ ಬುಡದವರೆಗೆ ಹಾಲು ಇಳಿದಿತ್ತು. ಅರಿಷಿಣ, ಕುಂಕುಮ, ಸೇವಂತಿಗೆ, ಹಸಿ ದಾರ. ಹಾಲು ಕುಡಿದ ಜಾಗ ಮೆತ್ತಗಾಗಿ ಬುಡದ ಹತ್ತಿರ ಒಂದು ಬೊಗಸೆಯಷ್ಟು ಕುಸಿದಿತ್ತು. ಊರ ಹೆಂಗಸರು ಅದನ್ನು ಹುತ್ತವೆಂದು ತಿಳಿದು ಹಾಲೆರೆದು ಹೋಗಿದ್ದರು!

ನಾನು ಕೂಗಾಡಿದೆ. ಹಸಿ ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಸುನಂದಾ ನನ್ನ ಕೈ ಹಿಡಿದಳು, “ಬ್ಯಾಡ್ರಿ ಸರ್, ಇನ್ನಷ್ಟು ಕಿತ್ತ ಬರತೈತಿ.” ಅಷ್ಟರಲ್ಲಿ ಅವಳ ಅಜ್ಜಿ, ಎಲ್ಲರೂ ಆಯಿ ಎನ್ನುತ್ತಿದ್ದವಳು, ಕೋಲೂರಿಕೊಂಡು ಬಂದಳು. ಮೊದಲ ಹಾಲು ಎರೆದವಳು ಅವಳೇ ಎಂದು ಆಗ ತಿಳಿಯಿತು.

“ಆಯಿ, ಇದು ಹುತ್ತ ಅಲ್ಲಂತ ನಿನಗರ ಗೊತ್ತಿದ್ದಿಲ್ಲೇನ?” ಎಂದು ಗದರಿದೆ.

“ಗೊತ್ತಿಲ್ದ ಏನ್ರಿ! ಮೆಂತೆ ಅರದಾಕಿ ನಾನ, ಕಾಗದ ಕುಟ್ಟಿದಾಕಿ ಬಾಜೂಮನಿ ನೀಲವ್ವ. ನೀವ ಇಲ್ಲೇ ಕುಂತ ನೋಡಾಕತ್ತಿದ್ರಿ. ಆವಾಗ ಬರಲಾರದ ಸಿಟ್ಟ ಈಗ್ಯಾಕ ಬಂತು?”

“ಮತ್ತ ಹಾಲ ಯಾಕ ಎರದ್ರಿ?”

“ಇರಿವಿ ಮನಿ ಮಾಡ್ಯಾವ. ಜೀವ ಇದ್ದ ಮ್ಯಾಲ ಎರೀಬೇಕಲ್ರಿ,” ಎಂದಳು ಆಯಿ, ಇದನ್ನೂ ಹೇಳಿಕೊಡಬೇಕೇ ಎನ್ನುವಂತೆ.

ಒಂದು ತಿಂಗಳು ಆ ಮುದುಕಿ ನನ್ನ ಕಣ್ಣೆದುರೇ ರುಬ್ಬಿದ್ದಳು. ನನಗೆ ಅದು ಅಡಿಗೆಮನೆಯ ಕೆಲಸವಾಗಿ ಕಂಡಿತ್ತೇ ಹೊರತು ಶಿಲ್ಪಕ್ಕೆ ತಾಗಿದ ಕೈಯಾಗಿ ಕಂಡಿರಲಿಲ್ಲ. ಹುತ್ತವೆಂದು ತಪ್ಪು ತಿಳಿದವರು ಯಾರೂ ಇರಲಿಲ್ಲ; ತಪ್ಪು ತಿಳಿದವನು ನಾನೊಬ್ಬನೇ.

ಆಯಿ ಹೋದ ಮೇಲೆ ಸುನಂದಾ ಮೆಲ್ಲಗೆ ಕೇಳಿದಳು, “ಸರ್, ಸಹಿ ಮಾಡಿಬಿಡ್ರಿ. ಹಾಲ ನಾನ ಹಾಕೀನಿ ಅಂತ ಹೇಳ್ತೀನಿ. ಇದು ಹೋದ್ರ ನಂದು ಮುಗದಂಗ್ರಿ.”

ಎರಡು ದಿನ ನನಗೆ ಊಟ ಸೇರಲಿಲ್ಲ. ಸಹಿ ಮಾಡಿದರೆ ಸುಳ್ಳು. ಮಾಡದಿದ್ದರೆ ಹುಡುಗಿಯ ಬಾಳಿಗೆ ಕಲ್ಲು. ಕೊನೆಗೆ ‘ಇನ್ನೊಬ್ಬರ ಕೈ ಇದಕ್ಕೆ ತಾಗಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ಮೆಂತ್ಯ ಅರೆದವರು, ಕಾಗದ ಕುಟ್ಟಿದವರು, ಹಾಲೆರೆದವರು ಎಂದು ಎಲ್ಲವನ್ನೂ ಬರೆದು, ‘ರೂಪ ಮಾತ್ರ ವಿದ್ಯಾರ್ಥಿನಿಯದು’ ಎಂದು ಕೂಡಿಸಿ ಸಹಿ ಹಾಕಿದೆ. ಸತ್ಯ ಬರೆದೆ ಎಂಬ ಸಮಾಧಾನ ನನಗಿತ್ತು. ಅವಳು ಕಾಗದ ಓದಿ, ಮಡಚಿ ನನ್ನ ಕೈಗೇ ಕೊಟ್ಟಳು.

ಪರೀಕ್ಷಕರು ವಯಸ್ಸಾದ ಶಿಲ್ಪಿ. ಶೆಡ್ಡಿನೊಳಗೆ ಬಂದವರು ಚಪ್ಪಲಿ ಕಳಚಿದರು. ಕೃತಿಯ ಸುತ್ತ ನಿಧಾನ ತಿರುಗಿದರು, ಕಿವಿ ಹಚ್ಚಿದರು, ಹುಳಿತ ಹಾಲಿನ ವಾಸನೆ ನೋಡಿದರು. ಹೊರಗೆ ಸಣ್ಣ ಮಳೆ ಹನಿಯುತ್ತಿತ್ತು. ಅರಿಷಿಣದ ಕಲೆ ಒದ್ದೆ ಗಾಳಿಗೆ ಮತ್ತಷ್ಟು ಹೊಳೆಯುತ್ತಿತ್ತು.

“ನಿನ್ನ ಕೆಲಸ ಎಲ್ಲಿಗೆ ಮುಗೀತಮ್ಮ?” ಎಂದು ಕೇಳಿದರು.

“ಗೊತ್ತಿಲ್ರಿ ಸರ್. ಮುಗದಿಲ್ಲ ಅನಸ್ತೈತಿ,” ಎಂದಳು.

ಅವರು ತಲೆದೂಗಿ, ಪ್ರಮಾಣಪತ್ರ ಓದಿ, ನನ್ನತ್ತ ಬಹಳ ಹೊತ್ತು ನೋಡಿದರು. “ಅಂಕ ನಾನು ಕೊಡ್ತೀನಿ. ಆದರೆ ಆಫೀಸಿನವರು ನೀವು ಬರೆದದ್ದನ್ನೇ ಓದ್ತಾರೆ,” ಎಂದಷ್ಟೇ ಹೇಳಿ ಹೋದರು.

ಹಾಗೆಯೇ ಆಯಿತು. ದೀಪಾವಳಿಯ ಹೊತ್ತಿಗೆ ಪತ್ರ ಬಂತು: ಕೃತಿ ಸ್ವಂತದ್ದೆಂದು ದೃಢಪಟ್ಟಿಲ್ಲ, ಫಲಿತಾಂಶ ರದ್ದು. ನನ್ನ ಸಹಿಯನ್ನೇ ಆಧಾರವಾಗಿ ತೋರಿಸಿದ್ದರು. ನನಗೆ ಅಳು ಬಂತು. ನಿಯಮ ತಪ್ಪೆಂದು ಮೊದಲೇ ಮೇಲಿನವರಿಗೆ ಬರೆದು ಜಗಳ ತೆಗೆಯಬಹುದಿತ್ತು. ಅದನ್ನು ಬಿಟ್ಟು ಆ ಹುಡುಗಿಯ ಖರ್ಚಿನಲ್ಲಿ ನಾನು ಪ್ರಾಮಾಣಿಕನಾಗಿದ್ದೆ.

ಕ್ಷಮೆ ಕೇಳಲು ಹೊರಟೆ. ದಾರಿಯಲ್ಲಿ ಸಿಕ್ಕ ಅವಳಪ್ಪ, “ಶಹರ ಬಂದ್ ಆತ್ರಿ ಮಾಸ್ತರ್ರ. ಶೆಡ್ ಮಾತ್ರ ಮಣೂಕದ ಸುಗ್ಗಿತನಾ ಇಟ್ಗೋ ಅಂದೀನಿ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇನ್ನಷ್ಟು ಚುಚ್ಚಿತು.

ಶೆಡ್ಡಿನಲ್ಲಿ ಆಯಿ, ನೀಲವ್ವ, ಇನ್ನೂ ನಾಲ್ಕೈದು ಹೆಂಗಸರು ಕಾಗದ ಹರಿಯುತ್ತ ಕುಳಿತಿದ್ದರು. ಹಳೆಯ ಕೃತಿಯನ್ನು ಒಡೆದು ನೀರಲ್ಲಿ ನೆನೆಹಾಕಿದ್ದರು. ಹೊಸ ಕೃತಿಗೆ ಅದೇ ಮಣ್ಣು, ಅದೇ ಕಾಗದ. ಸುನಂದಾಳ ಮೊಣಕೈವರೆಗೂ ಕೆಸರು. ಕಣ್ಣು ಬಾತಿದ್ದವು, ಅತ್ತಿದ್ದಳು.

“ನಿನ್ನ ಬಾಳ ಹಾಳ ಮಾಡಿದ್ನವಾ,” ಎಂದೆ.

“ಸಿಟ್ಟ ಭಾಳ ಬಂದಿತ್ರಿ ಸರ್. ಇನ್ನೂ ಐತಿ,” ಎಂದಳು. ಆಮೇಲೆ ಒರಳನ್ನು ನನ್ನ ಕಡೆ ಸರಿಸಿದಳು. “ಆಯಿ ಕೈ ನೋಯತಾವ. ಕುಂಡ್ರಿ, ಮೆಂತೆ ಅರೀರಿ.”

ಇಪ್ಪತ್ತು ವರ್ಷ ಮಕ್ಕಳ ಚಿತ್ರಗಳನ್ನು ಬರೀ ತಿದ್ದಿದ ಕೈ ಅದು. ಅಂಗಿಯ ತೋಳು ಮಡಚಿ ಕುಳಿತೆ. ಅರ್ಧ ತಾಸಿಗೆ ಹೆಗಲು ಇಳಿದುಹೋಯಿತು, ಅಂಗೈಯಲ್ಲಿ ಬೊಬ್ಬೆಗಳೆದ್ದವು, ಹೆಂಗಸರು ಮುಸಿಮುಸಿ ನಕ್ಕರು. “ಇನ್ನೂ ನುಣ್ಣಗ ಆಗಬೇಕ್ರಿ ಮಾಸ್ತರ್ರ,” ಎಂದು ಆಯಿ ತಿದ್ದಿದಳು. ಕೃತಿಯೊಂದು ಯಾರದು ಎಂದು ಹೇಳುವ ಅಧಿಕಾರ ನೋಡುತ್ತ ಕುಳಿತವನಿಗೆ ಇಲ್ಲ: ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಇನ್ನೊಬ್ಬಳ ಡಿಪ್ಲೊಮಾ ಕಳೆದು ಕಲಿತೆ. ಆ ರಾತ್ರಿ ರೊಟ್ಟಿ ಮುರಿದು ಬಾಯಿಗಿಟ್ಟರೆ ಕಹಿ. ಮೂರು ಸಲ ಕೈ ತೊಳೆದರೂ ಅದು ಹೋಗಲಿಲ್ಲ, ಹಾಗೇ ಉಂಡೆ.