ವಾಲ್ಟರ್ ದುಡಿದ ಆರು ವಾರ

ಸ್ನೇಹಿತರೇ, ಇವತ್ತು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಆಫೀಸಿಗೆ ಅಮೆರಿಕದ ಒಂದು ರಾಜ್ಯದಿಂದ ಪತ್ರ ಬಂತು. "ನೀವು ನಮ್ಮ ರಾಜ್ಯದಲ್ಲಿ ಆರು ವಾರ ದುಡಿದಿದ್ದೀರಿ, ಆದಾಯ ತೆರಿಗೆಯ ವಿವರ ಸಲ್ಲಿಸಿ" ಎಂದಿತ್ತು. ಹೆಸರು ವಾಲ್ಟರನದು. ನನ್ನ ಪಕ್ಕದ ಮೇಜಿನ ವಾಲ್ಟರ್, ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೊರಡಲು ಒಂದು ತಿಂಗಳಿರುವಾಗ ತೀರಿಕೊಂಡಿದ್ದ. ಅವನ ಬದಲಿಗೆ ಹೋದದ್ದು ನಾನು.

ಸಂಬಳ ವಿಭಾಗದ ಶೈಲಾ ಕಡತ ತೆರೆದರು. "ಟಿಕೆಟ್ ಮಾತ್ರ ನಿಮ್ಮ ಹೆಸರಿಗೆ ಬದಲಾಗಿದೆ ಮಾರಾಯ್ರೆ. ಹಾಜರಿಯೆಲ್ಲ ವಾಲ್ಟರನದ್ದೇ."

"ಹಾಗಾದ್ರೆ ನಾನೆಲ್ಲಿದ್ದೆ?"

"ನಿಮ್ಮದು ರಜೆ ಅಂತ ಉಂಟು." ಅವರು ಪರದೆಯನ್ನೇ ನೋಡುತ್ತಿದ್ದರು. "ಪಾಪ, ಅವ ಒಂದು ದಿನವೂ ತಪ್ಪಿಸಲಿಲ್ಲ."

ಅಮೆರಿಕದ ಆಫೀಸಿನವರು ವಾಲ್ಟರನ ಹೆಸರಿನ ಬ್ಯಾಡ್ಜನ್ನು ಮೊದಲೇ ಮಾಡಿಟ್ಟಿದ್ದರು. ಅದನ್ನೇ ಹಾಕಿಕೊಂಡೆ. ಮೊದಲ ವಾರ ಆ ಹೆಸರಿನಿಂದ ಕರೆದವರನ್ನು ತಿದ್ದಿದೆ. ಎರಡನೇ ವಾರದಿಂದ ಯಾರು "ವಾಲ್ಟರ್" ಎಂದರೂ ತಿರುಗಿ ನೋಡುತ್ತಿದ್ದೆ. ಕೊನೆಕೊನೆಗೆ ಯಾರೂ ಕರೆಯದಿದ್ದಾಗಲೂ ಆ ಹೆಸರು ಕೇಳಿಸುತ್ತಿತ್ತು. ಇದನ್ನು ಶೈಲಾಗೆ ಹೇಳಲಿಲ್ಲ.

ದುಡಿದದ್ದು ನಾನೇ, ತೆರಿಗೆಯೂ ನನ್ನದೇ ಎಂದು ಬರೆದು ಸಹಿ ಹಾಕಿ ಬಂದೆ. ತೆರಿಗೆ ಕಟ್ಟಲು ಇಷ್ಟು ಅವಸರಪಟ್ಟವರು, ಆದಾಯ ತೆರಿಗೆಯೇ ಇಲ್ಲದ ಈ ಅಬುಧಾಬಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.